ಆ ಆರು ಹಲ್ಲು ಅವೂರ್ ಮುರಿದದ್ದಲ್ಲ

ಪಟ್ಟಣದ ಮಾರುಕಟ್ಟೆ ಕಾವಲು ದಳದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ದವಡೆ ಮುರಿದವನು ನಿಮ್ಮ ಕಾವಲುಗಾರ. ಜೈಲಿನಲ್ಲಿರುವವಳು ಮೀನು ಕರಿದು ಮಾರುವ ಅವೂರ್. ಅವಳು ಬಾಣಲೆ ಬೀಸಿ ನನ್ನ ಕೆಳಸಾಲಿನ ಆರು ಮುಂಬಲ್ಲುಗಳನ್ನು ಉದುರಿಸಿದಳೆಂದು ನೀವು ಮೊಕದ್ದಮೆ ಹೂಡಿದ್ದೀರಿ. ಸೋಮವಾರ ವಿಚಾರಣೆ. ಸಾಕ್ಷಿ ಹೇಳಬೇಕಾದವಳು ನಾನು. ಆದರೆ ನನ್ನ ಮೇಲಿನ ದವಡೆಯನ್ನೂ ಕೆಳಗಿನ ದವಡೆಯನ್ನೂ ಸೇರಿಸಿ ತಂತಿಯಿಂದ ಬಿಗಿದಿದ್ದಾರೆ. ಬಾಯಿಗೆ ಬೀಗ ಬಿದ್ದ ಸಾಕ್ಷಿಗಿಂತ ಒಳ್ಳೆಯ ಸಾಕ್ಷಿ ನಿಮಗೆ ಬೇರೆಲ್ಲಿ ಸಿಕ್ಕೀತು? ಪುಣ್ಯಕ್ಕೆ ನನ್ನ ಕೈ ಮುರಿಯುವುದನ್ನು ನಿಮ್ಮವನು ಮರೆತ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ನಿವೃತ್ತ ಶಿಕ್ಷಕಿ. ಬಸ್ ನಿಲ್ದಾಣದ ಹಿಂದಿನ ಬೇಲಿಯ ಪಕ್ಕ ಅವೂರ್ ಒಲೆ ಹೂಡುತ್ತಾಳೆ, ಅವಳ ಮಗ್ಗುಲಲ್ಲಿ ನಾನು ಟೊಮೆಟೊ ಹರವಿಕೊಂಡು ಕೂರುತ್ತೇನೆ. ಆ ದಿನ ನಮ್ಮನ್ನು ಅಲ್ಲಿಂದ ಎಬ್ಬಿಸಲು ನಿಮ್ಮ ಲಾರಿ ಬಂತು. ಹಳದಿ ರಬ್ಬರ್ ಬೂಟಿನವನೊಬ್ಬ ಹಾರಿ ಇಳಿದವನೇ ಬಾಣಲೆಯನ್ನು ಒದ್ದ. ಕುದಿಯುವ ಎಣ್ಣೆ ಅವೂರ್‌ಳ ಮೊಣಕಾಲಿನ ಕೆಳಗೆಲ್ಲ ಚೆಲ್ಲಿತು. ಅವಳು ಕಿರುಚಿದಳು. ಆತ ಜುಟ್ಟು ಹಿಡಿದು ದರದರ ಎಳೆದ. ಅವಳ ಬೆನ್ನಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿಕೊಂಡು ಹಾಲು ಕುಡಿಯುವ ಮಗು ಮಣ್ಣಿಗೆ ಬಿತ್ತು. ನಾನು ಹೋಗಿ ಅವನ ಬೆಲ್ಟು ಹಿಡಿದೆ. ಬೆತ್ತ ಹಿಡಿದು ಪಾಠ ಹೇಳಿದ ಕೈ ಸುಮ್ಮನಿರುವುದಿಲ್ಲ.

"ಲೇ, ಕೂಸು ಬಿತ್ತಲ್ಲೋ! ಕಣ್ಣು ಕಾಣಲ್ವೇನೋ ನಿಂಗೆ?"

"ಬಾಯ್ ಮುಚ್ಚೇ ಮುದುಕಿ!"

ನಾನು ಮುಚ್ಚುವ ಮೊದಲೇ ಅವನ ದೊಣ್ಣೆ ಮುಚ್ಚಿಸಿತು. ಮೊಣಕಾಲಿಗೆ ಕೊಟ್ಟು ಕಬ್ಬು ಮುರಿದಾಗ ಆಗುವ ಸದ್ದು ನನ್ನ ಕಿವಿಯ ಒಳಗೇ ಆಯಿತು. ಕೆಳಗಿನ ದವಡೆ ಪಕ್ಕಕ್ಕೆ ಜಾರಿ ನೇತಾಡಿತು. ರಕ್ತ ಉಗುಳಿದರೆ ಜೊತೆಗೆ ಎರಡು ದವಡೆ ಹಲ್ಲು ಬಿದ್ದವು. ಅವುಗಳನ್ನು ಹೆಕ್ಕಿ ಸೆರಗಿನಲ್ಲಿ ಕಟ್ಟಿಕೊಂಡೆ. ನಿಮ್ಮವನು ನಿಜವಾಗಿ ಮುರಿದ ಆ ಎರಡು ಹಲ್ಲಿನ ಸುದ್ದಿಯೇ ನಿಮ್ಮ ವರದಿಯಲ್ಲಿಲ್ಲ. ಅವೂರ್‌ಳನ್ನು ಲಾರಿಗೆ ಎಸೆದುಕೊಂಡು ಹೋದಿರಿ. ಮಗು ಮಾರುಕಟ್ಟೆಯಲ್ಲೇ ಉಳಿಯಿತು.

ನಾನು ಆಸ್ಪತ್ರೆ ಸೇರಿದೆ. ಶಸ್ತ್ರಚಿಕಿತ್ಸೆಯ ಸಿದ್ಧತೆ ಎಂದರೇನೆಂದು ಬಲ್ಲಿರಾ? ಹಿಂದಿನ ರಾತ್ರಿಯಿಂದ ತೊಟ್ಟು ನೀರೂ ಇಲ್ಲ. ಬೆಳಿಗ್ಗೆ ಗಾಲಿ ಮಂಚದ ಮೇಲೆ ಮಲಗಿಸಿ ತಳ್ಳಿಕೊಂಡು ಹೋದರು. ಆಮ್ಲಜನಕ ಬಂದಿಲ್ಲವೆಂದು ವಾಪಸು ತಂದರು. ಮರುದಿನ ಮತ್ತೆ ಉಪವಾಸ, ಮತ್ತೆ ಮೆರವಣಿಗೆ, ಕರೆಂಟಿಲ್ಲ. ಆ ಹೊತ್ತಿಗೆ ನನ್ನ ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಜೊಲ್ಲು, ಕೀವು, ರಕ್ತ ಒಂದೇ ಬಟ್ಟೆಯಲ್ಲಿ. ನನ್ನ ಸವತಿ ಅಗೋಲಾ ಜೋಳದ ಮುದ್ದೆ, ಮೀನಿನ ಸಾರು ಹೊತ್ತು ತಂದಳು. ನರ್ಸು ಬಾಗಿಲಲ್ಲೇ ತಡೆದಳು.

"ಆಪರೇಷನ್ ಆಗೋವರ್ಗೂ ಏನೂ ಕೊಡಂಗಿಲ್ಲ."

"ಕುಯ್ಯೋ ಕೋಳಿಗೂ ನಾಲ್ಕು ಕಾಳು ಹಾಕ್ತೀವಿ ಕಣಮ್ಮ! ನಮ್ಮಕ್ಕ ಕೋಳಿಗಿಂತ ಕಡೆನಾ?"

ನಲವತ್ತು ವರ್ಷ ಒಂದೇ ಗಂಡನಿಗಾಗಿ ನನ್ನೊಡನೆ ಜುಟ್ಟು ಹಿಡಿದು ಜಗಳವಾಡಿದವಳು, ನನಗಾಗಿ ನರ್ಸಿನ ಜೊತೆ ಬಡಿದಾಡಲು ನಿಂತಳು. ನನಗೆ ಅಳು ಬಂತು, ಆದರೆ ಅಳುವುದಕ್ಕೂ ದವಡೆ ಬೇಕು.

ಮೂರನೆಯ ಸಲ ಒಯ್ದಾಗ ಕೊನೆಗೂ ಕೊಯ್ದರು. ಮೂಳೆ ಕೂಡಿಸಿ ತಂತಿ ಬಿಗಿದರು. ಎಚ್ಚರವಾದ ಮರುದಿನ ನಿಮ್ಮ ಕಚೇರಿಯ ತನಿಖಾಧಿಕಾರಿ ಬಂದರು. ರಾಜಧಾನಿಯಿಂದ ವರ್ಗವಾಗಿ ಬಂದ ಯುವಕ, ಶರ್ಟಿಗೆ ಇಸ್ತ್ರಿ ಚೆನ್ನಾಗಿತ್ತು. ಹೊಲಿಗೆ ಹಾಕಿದ ನನ್ನ ತುಟಿಯನ್ನು ಪೆನ್ನಿನ ತುದಿಯಿಂದ ಎತ್ತಿ ನೋಡಿದರು.

"ಅಯ್ಯೋ ಅಜ್ಜಿ! ಕೆಳಗಿನ ಆರೂ ಹೋಗ್ಬಿಟ್ಟಿವೆ! ಆ ಮೀನಿನವಳೇ ತಾನೇ ಬಾಣಲೇಲಿ ಹೊಡೆದದ್ದು? ಸುಮ್ನೆ ತಲೆ ಆಡಿಸಿ, ಸಾಕು."

ಇಲ್ಲ ಎಂದು ಕತ್ತು ಕಿತ್ತು ಹೋಗುವಷ್ಟು ಆಡಿಸಿದೆ. ಅವರು ತಮಗೆ ಬೇಕಾದ್ದು ಬರೆದುಕೊಂಡು ಹೋದರು. ಅಗೋಲಾ ಅಂಬಲಿ ಕಾಯಿಸಲು ಹೋಗಿದ್ದಳು. ಇದ್ದಿದ್ದರೆ ಅವರು ಬಾಗಿಲಿಂದ ಹೋಗುತ್ತಿರಲಿಲ್ಲ, ಕಿಟಕಿಯಿಂದ ಹೋಗುತ್ತಿದ್ದರು.

ಮಾನ್ಯರೇ, ಆ ಆರು ಹಲ್ಲು ಹೋದದ್ದು ನಾನು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ. ನಾವು ಈ ಸೀಮೆಯ ಲುವೋ ಜನ. ಕೆಳಗಿನ ಆರು ಹಲ್ಲು ಕೀಳಿಸಿಕೊಳ್ಳದವರು ನಮ್ಮ ಹಿರಿಯರ ಕಣ್ಣಿಗೆ ಇನ್ನೂ ಮಕ್ಕಳೇ. ಅಜ್ಜಿ ನನ್ನ ತಲೆಯನ್ನು ತೊಡೆಗಳ ನಡುವೆ ಅದುಮಿ ಹಿಡಿದಳು. ಹಲ್ಲು ಕೀಳುವ ಮುದುಕ ಚಪ್ಪಟೆ ಕಬ್ಬಿಣ ತೂರಿಸಿ ಮೀಟಿದ. "ಅತ್ರೆ ಮನೆ ಮಾನ ಹೋಗತ್ತೆ" ಎಂದು ಸೋದರತ್ತೆಯರು ಸುತ್ತ ನಿಂತಿದ್ದರು. ನಾನು ಅಳಲಿಲ್ಲ, ಅವನ ಹೆಬ್ಬೆರಳು ಕಚ್ಚಿದೆ. "ಈ ಹುಡುಗೀದು ಮೇಲಿಂದೂ ಕೀಳ್ಬೇಕಿತ್ತು" ಎಂದ. ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ನನ್ನ ಮಕ್ಕಳ ಬಾಯಿಯ ಹತ್ತಿರ ಆ ಕಬ್ಬಿಣ ಸುಳಿಯಗೊಡಲಿಲ್ಲ. ಕಾಯಿಲೆಯಲ್ಲಿ ದವಡೆ ಕಚ್ಚಿಕೊಂಡರೆ ಆ ಸಂದಿಯಲ್ಲಿ ಅಂಬಲಿ ಹೊಯ್ದು ಜೀವ ಉಳಿಸಬಹುದು ಎಂದು ಅಜ್ಜಿ ಹೇಳುತ್ತಿದ್ದಳು. ಶಾಲೆ ಕಲಿತ ನಾನು ನಗುತ್ತಿದ್ದೆ. ಈಗ ಆ ಸಂದಿಯಲ್ಲೇ ಉಣ್ಣುತ್ತಿದ್ದೇನೆ. ಅಜ್ಜಿ ಗೆದ್ದಳು.

ಅವೂರ್‌ಳ ತಾಯಿ ಆರೋಪಪಟ್ಟಿಯನ್ನು ಓದಿ ಹೇಳಿದಾಗ ಅಗೋಲಾ ತನ್ನ ಬಾಯಿ ತೆರೆದು ತೋರಿಸಿ, "ನಂದೂ ಆರಿಲ್ಲ, ಇವನ್ನೂ ಬರ್ಕೊಳ್ಳೋಕೆ ಹೇಳು" ಎಂದಳು. ನನ್ನ ಹಲ್ಲು ಹೋದಾಗ ಅವೂರ್ ಇರಲಿ, ಅವಳ ತಾಯಿಯೇ ಹುಟ್ಟಿರಲಿಲ್ಲ. ಈ ಸೀಮೆಯ ಮುದುಕಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿ ನೋಡಿ. ಅಬ್ಬಾ, ಎಂಥ ಬಾಣಲೆ! ಅವೂರ್‌ಳ ತಾಯಿ ಜೈಲಿಗೂ ಕೋರ್ಟಿಗೂ ಅಲೆಯುತ್ತಿದ್ದಾಳೆ, ಮಗು ಈಗ ಅಗೋಲಾಳ ಮಡಿಲಲ್ಲಿದೆ. ತಾಯಿಯ ಬಳಿ ಬಿಡಿ ಎಂದರೆ ಜೈಲಿನವರು ಮಗುವಿನ ಜನನಪತ್ರ ಕೇಳುತ್ತಾರೆ. ಒಂದೇ ಪಾತ್ರೆಯ ಅಂಬಲಿ, ಒಂದು ಚಮಚ ಅದಕ್ಕೆ, ಒಂದು ನನಗೆ. ಎದೆ ಹುಡುಕಿ ಹುಡುಕಿ ಅದು ಅಳುತ್ತದೆ. ಅದರ ಬಾಯಲ್ಲೂ ಹಲ್ಲಿಲ್ಲ. ಅದನ್ನೂ ತಾಯಿಯ ತಲೆಗೇ ಕಟ್ಟಿಬಿಡಿ.

ಬೇಡಿಕೆ ಇಷ್ಟೇ. ಸೋಮವಾರದೊಳಗೆ ಅವೂರ್‌ಳ ಮೇಲಿನ ಸುಳ್ಳು ಮೊಕದ್ದಮೆ ಹಿಂದೆಗೆಯಿರಿ. ಹಳದಿ ಬೂಟಿನವನನ್ನು ಆ ಕಟಕಟೆಯಲ್ಲಿ ನಿಲ್ಲಿಸಿ.

ಇನ್ನೊಂದು ಮಾತು. ತಂತಿ ಬಿಗಿಸಿಕೊಂಡವರ ಕೊರಳಿಗೆ ಒಂದು ಸಣ್ಣ ತಂತಿ ಕತ್ತರಿ ಕಟ್ಟಿ ಕಳಿಸುತ್ತಾರೆ. ವಾಂತಿಯಾಗಿ ಉಸಿರು ಕಟ್ಟಿದರೆ ಮಾತ್ರ ಕತ್ತರಿಸಬೇಕು, ಮೂಳೆ ಕೂಡುವ ಮೊದಲು ಕತ್ತರಿಸಿದರೆ ದವಡೆ ಜನ್ಮಕ್ಕೂ ಸೊಟ್ಟ ಎಂದಿದ್ದಾರೆ ಡಾಕ್ಟರು. ಸೋಮವಾರ ಕಟಕಟೆಯಲ್ಲಿ ಅವೂರ್ ನಿಂತಿದ್ದರೆ ನನಗೆ ಉಸಿರು ಕಟ್ಟುತ್ತದೆ. ನ್ಯಾಯಾಧೀಶರ ಎದುರಿಗೇ ತಂತಿ ಕತ್ತರಿಸುತ್ತೇನೆ. ನಿಮ್ಮವನ ಹೆಸರು ನನಗೆ ಗೊತ್ತು. ಅದನ್ನು ಸೊಟ್ಟ ಬಾಯಲ್ಲೂ ಹೇಳಬಹುದು.

ಇಂತಿ,
ಸದ್ಯಕ್ಕೆ ಬಾಯಿ ಮುಚ್ಚಿಕೊಂಡಿರುವ
ಡೊರ್ಸಿಲಾ ಅಜ್ವಾಂಗ್