ತೇಜಸ್ ಕೆಲಸಕ್ಕೆ ಹೋಗುತ್ತಿದ್ದಾನೆ

ವಡಪಳನಿ, ಚೆನ್ನೈ
೧೧ ಆಗಸ್ಟ್ ೨೦೦೨

ಮುದ್ದು ರಚನಾ,

ಹೈದರಾಬಾದಿನ ಬ್ಯಾಂಕ್ ತರಬೇತಿಯ ನಡುವೆಯೂ ದಿನಾ ಫೋನ್ ಮಾಡಿ, ಮಗು ಏನು ಮಾಡ್ತಿದೆ ಎಂದು ಕೇಳುತ್ತೀಯ. ಆಟ ಆಡ್ತಿದೆ ಎನ್ನುತ್ತೇನೆ. ಅದು ನಿಜವೇ. ಎಲ್ಲಿ ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಇವತ್ತು ಭಾನುವಾರ, ಅವನು ಮಲಗಿದ್ದಾನೆ, ಬರೆದುಬಿಡುತ್ತೇನೆ. ಮೊದಲು ಒಂದು ಲೋಟ ನೀರು ಕುಡಿ.

ನೀನು ಬರುವವರೆಗೆ ರಜೆ ಹಾಕುತ್ತೇನೆ ಎಂದಿದ್ದೆ. ಹಾಕಲಿಲ್ಲ. ತೇಜಸ್ ನನ್ನ ಜೊತೆ ಗಾರ್ಮೆಂಟ್ ಕಾರ್ಖಾನೆಗೆ ಬರುತ್ತಿದ್ದಾನೆ. ಅಳಿಯಂದಿರಿಗೆ ಗೊತ್ತು, "ನೀವೇ ಹೇಳಿ ಅತ್ತೆ" ಎಂದು ಎಣ್ಣೂರಿನ ವಿದ್ಯುತ್ ಸ್ಥಾವರದ ಪಾಳಿಗೆ ಜಾರಿಕೊಂಡರು.

ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಅವರ ಮಕ್ಕಳಿಗೊಂದು ಕೋಣೆ ಇರಲೇಬೇಕೆಂದು ಕಾನೂನಿದೆ. ತೊಟ್ಟಿಲು, ಹಾಲು, ಸೋಪು, ಒಗೆದ ಟವಲು ಎಂದು ಅದು ಕೇಳುವುದನ್ನು ಓದಿದಾಗ, ಯಾರೋ ಅಜ್ಜಿ ಪಕ್ಕದಲ್ಲಿ ಕೂತು ಬರೆಸಿದಂತಿದೆ ಅನ್ನಿಸಿತ್ತು. ವೆಲ್ಫೇರ್ ಆಫೀಸರ್ ಆದ ದಿನದಿಂದ ಮ್ಯಾನೇಜರ್ ಕೃಷ್ಣಮೂರ್ತಿಯವರ ಹಿಂದೆ ಬಿದ್ದಿದ್ದೆ. ಕೊನೆಗೆ ರಟ್ಟಿನ ಪೆಟ್ಟಿಗೆ ತುಂಬಿದ್ದ ಕೋಣೆ ಖಾಲಿಯಾಯಿತು, ಸುಣ್ಣ ಹೊಡೆಸಿದೆವು, ಆಯಾ ಬಂದಳು. ಮಕ್ಕಳು ಮಾತ್ರ ಬರಲಿಲ್ಲ.

"ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರೋ ಹೊತ್ತಿಗೂ ಹೀಗೇ ಇದ್ರೆ, ಯಾರಿಗೂ ಬೇಡ ಅಂತ ಬರೆದುಕೊಟ್ಟು ಪೆಟ್ಟಿಗೆ ವಾಪಸ್ ಇಡಿಸ್ತೀನಿ" ಎಂದರು ಕೃಷ್ಣಮೂರ್ತಿ. ಹೊಲಿಗೆ ಸಾಲಿಗೆ ಹೋಗಿ ತಾಯಂದಿರನ್ನು ಕೇಳಿದೆ. ಕಾಲರ್ ಹೊಲಿಯುವ ಅಂಜಲೈ ಮೆಷಿನ್ ನಿಲ್ಲಿಸದೆಯೇ ತನ್ನ ತಮಿಳಿನಲ್ಲಿ, "ನಿಮ್ಮ ಮನೆ ಮಗು ಆಗಿದ್ರೆ ಇಲ್ಲಿ ಬಿಡ್ತೀರಾ ಮೇಡಂ?" ಎಂದಳು. ಸಾಲೆಲ್ಲ ನಕ್ಕಿತು. ನನಗೂ ನಗು ಬಂತು.

ಮರುದಿನ ತೇಜಸ್‌ನನ್ನು ಎತ್ತಿಕೊಂಡೇ ಹೋದೆ. ಊಟದ ಹೊತ್ತಿಗೆ ಕೋಣೆಯ ಬಾಗಿಲಲ್ಲಿ ನೂಕುನುಗ್ಗಲು. ಅವನೋ, ಆಯಾಳ ಬಳೆ ಕಚ್ಚುತ್ತಾ ಮಹಾರಾಜನಂತೆ ಎಲ್ಲರನ್ನೂ ನೋಡಿದ. ಅಂಜಲೈ ಅವನ ಚಡ್ಡಿ ಮುಟ್ಟಿ, ಒದ್ದೆಯೆಂದು ಆಯಾಳನ್ನು ಬೈದಳು; ಮಾರನೆಯ ದಿನ ತನ್ನ ಮಗಳನ್ನೂ ತಂದಳು. ಆಮೇಲೆ ಉಳಿದವರು. ತೊಟ್ಟಿಲು ಸಾಲದೆ ಸೀರೆ ಕಟ್ಟಿದೆವು.

ಮೊನ್ನೆ ಇನ್ಸ್‌ಪೆಕ್ಟರ್ ಬಂದರು. ಕನ್ನಡಕದ ಮೇಲಿಂದ ನೋಡುವ ಹೆಂಗಸು. ಒಂದೊಂದು ಮಗುವಿನ ಮುಂದೆಯೂ ನಿಂತು ಯಾರದು ಎಂದು ಕೇಳತೊಡಗಿದರು. ಆ ಕೋಣೆ ಕೆಲಸಗಾರ್ತಿಯರ ಮಕ್ಕಳಿಗೆ, ಆಫೀಸರ್ ಮೊಮ್ಮಗನಿಗಲ್ಲ. ನನ್ನಿಂದಲೇ ಕೋಣೆಗೆ ಕುತ್ತು ಬಂದರೆ? ತೇಜಸ್‌ನ ಮುಂದೆ ನಿಂತರು. ನಾನು ಬಾಯಿ ತೆರೆಯುವ ಮೊದಲೇ, ಮಗಳಿಗೆ ಹಾಲು ಕುಡಿಸಲು ಬಂದಿದ್ದ ಅಂಜಲೈ, "ಇದೂ ನಂದೇ" ಎಂದಳು. ನಿನ್ನ ಮಗ ಅವಳತ್ತ ಎರಡೂ ಕೈ ಚಾಚಿದ.

"ಎರಡಕ್ಕೂ ಎಂಟು ತಿಂಗಳಾ?" ಎಂದರು ಇನ್ಸ್‌ಪೆಕ್ಟರ್.

"ಅವಳಿ ಮೇಡಂ."

ಕೃಷ್ಣಮೂರ್ತಿಯವರಿಗೆ ಜೋರಾಗಿ ಕೆಮ್ಮು ಬಂತು. ಕೋಣೆ ಉಳಿಯಿತು.

ಈಗ ಮೆಷಿನ್‌ಗಳ ಸದ್ದಿನ ನಡುವೆ ಒಂದು ಅಳು ಕೇಳಿಸಿದರೆ ಸಾಲಿನ ತಲೆಗಳೆಲ್ಲ ಒಟ್ಟಿಗೇ ಮೇಲೇಳುತ್ತವೆ, ನನ್ನದೂ ಸೇರಿ. ಅದನ್ನು ನೀನೊಮ್ಮೆ ನೋಡಬೇಕು. ಕೋಪ ಬಂದಿದ್ದರೆ ಫೋನಿನಲ್ಲಿ ಬೈದುಬಿಡು. ಆದರೂ ನಾಳೆ ಬೆಳಿಗ್ಗೆ ನಾವಿಬ್ಬರೂ ಕೆಲಸಕ್ಕೆ ಹೊರಡುತ್ತೇವೆ.

ನಿನ್ನ ಅಮ್ಮ,
ಮಾಧವಿ

ತಾ.ಕ.: ಹೊರಡುವಾಗ ಇನ್ಸ್‌ಪೆಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ಅವಳಿ ಚೆನ್ನಾಗಿವೆ. ಒಂದಕ್ಕೆ ಮಾತ್ರ ನಿಮ್ಮ ಮೂಗು ಬಂದಿದೆ. ಅದರ ತಾಯಿ ಯಾವಾಗ ಬರ್ತಾಳೆ?" ಎಂದರು. ತಿಂಗಳ ಕೊನೆಗೆ ಎಂದೆ. "ಅಲ್ಲಿವರೆಗೆ ಅವಳಿಯೇ ಇರಲಿ" ಎಂದು ಜೀಪು ಹತ್ತಿದರು.