ಈಟಿಗೆ ತೊಡಿಸಿದ ರಬ್ಬರು

ಪಂಪ್‌ಹೌಸ್ ಹಿಂದಿನ ಸಾಲುಮನೆ
ಅಕ್ಟೋಬರ್, ಭಾನುವಾರ ರಾತ್ರಿ

ಬೂಸಾನಿ ಅಣ್ಣನಿಗೆ, ನಿದ್ದೆಗೆಟ್ಟ ತಂಗಿ ಸೆಹಲೀಲೆ ಬರೆಯುತ್ತಿರುವ ಕಾಗದ.

ರಾತ್ರಿ ಎರಡು ಗಂಟೆಗೆ ಕಲ್ಲಿಗೆ ಕಬ್ಬಿಣ ಉಜ್ಜುವ ಸದ್ದಾಗಿ ಎಚ್ಚರವಾಯಿತು. ಎಚ್ಚರವೇನು ಬಂತು, ಮಲಗಿದ್ದೇ ಅರೆಬರೆ. ಲ್ವಾಜಿಗೆ ಹಲ್ಲು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ, ರಾತ್ರಿಯೆಲ್ಲ ಅಳುತ್ತಾನೆ. ಆದರೆ ಆಗ ಅವನು ಮಲಗಿದ್ದ. ಪಕ್ಕದಲ್ಲಿ ಅವನ ಅಪ್ಪ ಇರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ, ಬಟ್ಟೆ ಒಗೆಯುವ ಕಲ್ಲಿಗೆ ನೀರು ಚಿಮುಕಿಸಿಕೊಂಡು ಈಟಿ ಮಸೆಯುತ್ತಾ ಕೂತಿದ್ದರು. ಕುಣಿತದ ಈಟಿ ಅಣ್ಣ. ಬಾಳೆಹಣ್ಣನ್ನೂ ಕುಯ್ಯಲಾಗದಷ್ಟು ಮೊಂಡಾಗಿದ್ದ ಈಟಿ.

"ಇಷ್ಟೊತ್ತಲ್ಲಿ ಏನ್ರೀ ಇದು?" ಎಂದೆ.

ತಲೆ ಎತ್ತಲಿಲ್ಲ. "ಹೋಗಿ ಮಲ್ಕೊ, ಲ್ವಾಜಿ ಅವ್ವ. ನಾಳೆ ಬರೋ ದೊಡ್ಡ ಮನುಷ್ಯರಿಗೆ ಯುದ್ಧ ನೋಡ್ಬೇಕಂತೆ. ಒಂದ್ಸಲ ನಿಜವಾದದ್ದೇ ನೋಡ್ಲಿ."

ನಾನು ಈಟಿಗೆ ಕೈ ಹಾಕಿದೆ. ಎಳೆದುಕೊಂಡ ರಭಸಕ್ಕೆ ನನ್ನ ಬಲ ಅಂಗೈ ಸೀಳಿತು. ಬಿಡದೆ ಹಿಡಿದಿದ್ದಕ್ಕೆ ಮೊಣಕೈಯಲ್ಲಿ ಬಾಯಿಗೆ ಹೊಡೆದರು. ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ. ಅಕ್ಷರ ಸೊಟ್ಟಗಿದ್ದರೆ, ಹಾಳೆಯಲ್ಲಿ ಕಲೆಯಿದ್ದರೆ, ಕಾರಣ ಇಷ್ಟೇ. ಈಗಲೇ ಎದ್ದು ಹೊರಡಬೇಡ, ಪೂರ್ತಿ ಓದು.

ನಾಳೆಯ ವಿಚಾರ ನಿನಗೂ ತಿಳಿದಿದೆ. ಪರದೇಶದ ಪ್ರವಾಸ ಕಂಪನಿಯವರು ಬೆಳಗಿನ ವಿಮಾನದಲ್ಲಿ ಇಳಿಯುತ್ತಾರೆ, ಅವರೆದುರು ನಿನ್ನ ತಂಡ, ಇವರ ತಂಡ ಎರಡೂ ಒಂದಾಗಿ ಯುದ್ಧದ ಕುಣಿತ ಕುಣಿಯಬೇಕೆಂದು ವಿಮಾನ ನಿಲ್ದಾಣದ ಮ್ಯಾನೇಜರ್ ಅಪ್ಪಣೆ ಮಾಡಿದ್ದಾನೆ. ಕೊನೆಗೆ ನಾಯಕರಿಬ್ಬರ ಕಾಳಗ. ನೀನು ಅಂಗಾತ ಬೀಳಬೇಕು, ಇವರು ನಿನ್ನ ಗಂಟಲಿಗೆ ಈಟಿ ಬೀಸಿ, ಒಂದು ಬೆರಳಿನ ದೂರದಲ್ಲಿ ನಿಲ್ಲಿಸಬೇಕು.

ಇವರು ನಿಲ್ಲಿಸುವುದಿಲ್ಲ ಅಣ್ಣ.

ಮಸೆದ ಮೊನೆಗೆ, ಪೆಟ್ಟಾಗದಿರಲೆಂದು ಹಾಕುವ ಎಂದಿನ ರಬ್ಬರು ಗವಸನ್ನೇ ತೊಡಿಸಿದ್ದಾರೆ, ಬೆಳ್ಳಿಬಣ್ಣ ಬಳಿದದ್ದು. ಆದರೆ ಬ್ಲೇಡಿನಿಂದ ಅದರ ತುದಿಯನ್ನು ಸೀಳಿಟ್ಟಿದ್ದಾರೆ. ಯಾರು ಮುಟ್ಟಿ ನೋಡಿದರೂ ಮೆತ್ತಗಿರುತ್ತದೆ, ಒತ್ತಿದರೆ ಬಾಯಿ ಬಿಡುತ್ತದೆ. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಕುಂಬಳಕಾಯಿಯನ್ನು ನೆಲದ ಮೇಲಿಟ್ಟು ಚುಚ್ಚಿ ಪರೀಕ್ಷೆ ಮಾಡಿದರು. ಮೊನೆ ಆಚೆ ಬದಿಗೆ ಬಂತು. ಇನ್ನೊಮ್ಮೆ ಚುಚ್ಚಿದರು. ಆಮೇಲೆ ಬೀಜ ಒರೆಸಿ, ಮತ್ತೆ ಮಸೆಯಲು ಕೂತರು.

ನಿನ್ನ ಪಾಲಿಗೆ ಇವರು ಕೆಟ್ಟವರಾಗಿ ಒಂದು ವರ್ಷವಾಯಿತು. ನೀನೇ ಕುಣಿತ ಕಲಿಸಿದೆ, ನಿನ್ನ ತಂಡದಿಂದಲೇ ಒಡೆದುಕೊಂಡು ಹೋಗಿ, ವಿಮಾನ ನಿಲ್ದಾಣದಿಂದ ಪ್ರವಾಸಿಗರು ಹೊರಬರುವ ಬಾಗಿಲನ್ನು ತಮ್ಮದು ಮಾಡಿಕೊಂಡರು. ನಿನ್ನವರು ಲಾಡ್ಜುಗಳಲ್ಲಿ ಊಟದ ಹೊತ್ತಿಗೆ ಕುಣಿಯುವಂತಾಯಿತು. ಆ ಸಿಟ್ಟು ನ್ಯಾಯವೇ. ಆದರೆ ಶುಕ್ರವಾರ ನಾನೂ ಆ ಬಾಗಿಲ ಬಳಿಯೇ ಇದ್ದೆ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮೈದುನ ಮೆತೂಲಿಗೆ ಊಟ ಒಯ್ದಿದ್ದೆ. ನೀನೂ ನಿನ್ನವರೂ ಕಾರು ನಿಲ್ಲಿಸುವ ಕಡೆಯಿಂದ ಬಂದಿರಿ. ಮೊದಲು ಬರೀ ಬೈಗುಳವೇ.

"ಕದ್ದ ಬಾಗಿಲಲ್ಲಿ ಕುಣಿಯೋ ಕೋಳಿಗಳಾ!" ಎಂದ ನಿನ್ನವನೊಬ್ಬ.

"ನಿಮ್ ಕುಣಿತ ನೋಡಿ ಹೋದ್ಸಲ ವಿಮಾನ ಇಳೀದೇನೇ ವಾಪಸ್ ಹೋಯ್ತಲ್ಲೋ!" ಎಂದ ಮೆತೂಲಿ. ಅವನ ನಾಲಿಗೆ ನಿನಗೆ ಗೊತ್ತಲ್ಲ. ನಾನೂ ನಕ್ಕೆ.

ಗಾಜಿನ ಬಾಗಿಲು ತೆರೆದು ಪ್ರವಾಸಿಗರು ಹೊರಬರುವುದಕ್ಕೂ ದೊಣ್ಣೆಗಳು ಏಳುವುದಕ್ಕೂ ಸರಿಹೋಯಿತು. ಗುರಾಣಿಗೆ ಬಿದ್ದ ದೊಣ್ಣೆಯ ಸದ್ದು ಬೇರೆ, ಮೂಳೆಗೆ ಬಿದ್ದದ್ದು ಬೇರೆ. ನಮಗೆ ತಿಳಿಯುತ್ತದೆ, ಅವರಿಗೆ ತಿಳಿಯಲಿಲ್ಲ. ಪೆಟ್ಟಿಗೆಗಳನ್ನು ಕೆಳಗಿಟ್ಟು ಫೋನು ಹಿಡಿದು ನಿಂತರು. ಒಬ್ಬನ ದವಡೆ ಒಡೆಯಿತು, ಅವರು ಕೂಗಿ ಹುರಿದುಂಬಿಸಿದರು. ಮೆತೂಲಿ ಆಳೆತ್ತರ ಹಾರಿ ನಿನ್ನ ಮೇಲೆ ಬಂದ, ನೀನು ಈಟಿ ಅಡ್ಡ ಹಿಡಿದೆ. ಅದರ ಮೇಲೆ ರಬ್ಬರು ಇರಲಿಲ್ಲ. ಮೊಂಡು ಕಬ್ಬಿಣವಾದರೂ ಕಣ್ಣಿಗೆ ಅಷ್ಟು ಸಾಕು.

ಅವನು ಕಿರುಚಿದ, ಅವರು ಚಪ್ಪಾಳೆ ತಟ್ಟಿದರು. ಕೊನೆಯ ಪ್ರವಾಸಿ ಬಸ್ಸು ಹತ್ತುವ ತನಕ ಡೋಲು ನಿಲ್ಲಬಾರದೆಂದು ಕಟ್ಟಪ್ಪಣೆಯಲ್ಲವೇ, ಡೋಲಿನ ಮುದುಕ ಅಳುತ್ತಲೇ ಬಾರಿಸಿದ. ಹಳದಿ ಟೋಪಿಯ ಹೆಂಗಸೊಬ್ಬಳು ಮೆತೂಲಿಯ ಪಕ್ಕ ಮಂಡಿಯೂರಿ ಫೋಟೊ ತೆಗೆಸಿಕೊಂಡಳು. ಎಷ್ಟು ಚೆನ್ನಾಗಿ ಬಣ್ಣ ಹಚ್ಚಿದ್ದೀರಿ ಎಂದು ಅವನ ಕೆನ್ನೆ ಮುಟ್ಟಿದಳು. ಬೆರಳನ್ನು ಮೂಗಿನ ಹತ್ತಿರ ತಂದ ಮೇಲೆ ಅವಳ ಮುಖ ಬಿಳಿಚಿತು. ಮ್ಯಾನೇಜರ್ ಹೇಳಿದ ಮೊದಲ ಮಾತು ಏನು ಗೊತ್ತೇ? "ಬೇಗ ನೆಲ ತೊಳೀರಿ, ಇನ್ನೊಂದು ವಿಮಾನ ಇಳೀತಿದೆ." ಪೊಲೀಸರಿಗೂ, ಆಟದಲ್ಲಾದ ಪೆಟ್ಟು ಎಂದ. ಸಾಕ್ಷಿಗೆ ಪ್ರವಾಸಿಗರ ವಿಡಿಯೊ. ಅದರ ತುಂಬ ಚಪ್ಪಾಳೆ.

ಆಸ್ಪತ್ರೆಯಲ್ಲಿ ಮೆತೂಲಿಯ ಒಂದು ಕಣ್ಣು ತೆಗೆದುಬಿಟ್ಟರು. ಇವರು ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಆಸ್ಪತ್ರೆಯಿಂದ ಬಂದಾಗಿನಿಂದ ಒಂದೇ ಮಾತು: "ಬೇಕಂತ್ಲೇ ರಬ್ಬರು ಕಿತ್ತಾಕಿ ಬಂದಿದ್ದ ನಿಮ್ಮಣ್ಣ." ನೀನು ಆಸ್ಪತ್ರೆಯ ಗೇಟಿಗೆ ಬಂದು, ಹೇಗೆ ಹೋಯಿತೋ ಗೊತ್ತಿಲ್ಲ ಎಂದೆಯಂತೆ. ಇವರು ಕಲ್ಲೆತ್ತಿಕೊಂಡರಂತೆ. ಅಂದಿನಿಂದ ನಿನ್ನ ಫೋನೂ ಬಂದ್. ರಬ್ಬರು ತಾನೇ ಬಿತ್ತೋ, ನೀನೇ ಕಿತ್ತೆಯೋ, ಆ ಮಾತು ಈ ಕಾಗದದಲ್ಲಿ ಬೇಡ. ನಿನ್ನ ಜೀವದ ಮಾತು ಮಾತ್ರ ಇರಲಿ.

ಈಟಿ ನಿಲ್ಲಿಸುವುದನ್ನು ನೀನು ಕಲಿಸಿದ್ದು ನೆನಪಿದೆಯೇ? ನಾನು ಬುಲವಾಯೊ ಪಟ್ಟಣದ ಕಾಲೇಜಿನಲ್ಲಿದ್ದಾಗ ರಜೆಗೆ ಬಂದರೆ, ನನ್ನ ಕೈಗೆ ಮೆಕ್ಕೆಜೋಳದ ತೆನೆ ಕೊಟ್ಟು ಅಂಗಳದಲ್ಲಿ ನಿಲ್ಲಿಸುತ್ತಿದ್ದೆ. ಇವರು ಓಡಿಬಂದು ಬೀಸಬೇಕು, ತೆನೆಗೆ ತಾಗಬಾರದು. "ಕೈ ಆಮೇಲೆ ನಿಲ್ಲುತ್ತೆ ಕಣೋ, ಮೊದ್ಲು ಕಣ್ಣು ನಿಲ್ಲಬೇಕು," ಎನ್ನುತ್ತಿದ್ದೆ. ಒಂದು ದಿನವೂ ನನಗೆ ತಾಗಲಿಲ್ಲ. ಅಷ್ಟು ಚೆನ್ನಾಗಿ ಕಲಿತವರು. ಅದಕ್ಕೇ ಹೇಳುತ್ತಿದ್ದೇನೆ, ನಾಳೆ ತಾಗಿದರೆ ಅದು ಕೈತಪ್ಪಿ ಅಲ್ಲ.

ಹೋಗದಿದ್ದರೆ ಹೇಡಿ ಅನ್ನುತ್ತಾರೆ ಎನ್ನುತ್ತೀಯ. ಅನ್ನಲಿ. ಹೋದ ಬುಧವಾರ ಇವರಿಲ್ಲದಾಗ ಕದ್ದು ಬಂದು, ಲ್ವಾಜಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಣಮೀನು ಮುದ್ದೆ ತಿಂದೆಯಲ್ಲ, ಆಗ ನೀನು ಹೇಡಿಯಾಗಿರಲಿಲ್ಲವೇ? ಆ ಹೇಡಿ ಅಣ್ಣನೇ ನನಗೆ ಬೇಕು. ನೀನು ಬಂದಿದ್ದು ಇವರಿಗೆ ಇವತ್ತಿಗೂ ಗೊತ್ತಿಲ್ಲ.

ಪಕ್ಕದ ಮನೆಯ ಮಾಂಗ್ವೆನ್ಯಾ ಬೇಕರಿಗೆ ಹೊರಡುವ ಹೊತ್ತು. ರೈಲುಹಳಿ ದಾಟಿ ನಿನ್ನ ಬಾಗಿಲ ಮುಂದೆಯೇ ಹೋಗುತ್ತಾಳೆ. ಗೋಡೆಯಾಚೆಯಿಂದ ಕಾಗದವೊಂದಿದೆ ಎಂದರೆ, "ಗಂಡ ಹಿತ್ತಲಲ್ಲಿ ಕೂತಿರ್ವಾಗ್ಲೇ ಪ್ರೇಮಪತ್ರ ಬರೀತೀಯೇನೇ ಹುಡುಗಿ?" ಎಂದು ನಕ್ಕಳು. ಬ್ಯಾಟರಿ ಬೆಳಕಿಗೆ ನನ್ನ ಬಾಯಿ ಕಂಡ ಮೇಲೆ ನಗಲಿಲ್ಲ. ನೀನು ಬಾಗಿಲು ತೆಗೆಯುವ ತನಕ ಬಡಿಯುತ್ತಾಳೆ.

ಬೆಳಕು ಹರಿಯುತ್ತಲೇ ನಿಮ್ಮನ್ನು ಒಯ್ಯುವ ಲಾರಿ ಬರುತ್ತದೆ. ಅದನ್ನು ಹತ್ತಿದರೆ ಫೋನುಗಳನ್ನು ಡಬ್ಬಿಗೆ ಹಾಕಿಸಿಕೊಂಡು ಬೀಗ ಹಾಕುತ್ತಾರೆ, ಯೋಧರ ಸೊಂಟದಲ್ಲಿ ಫೋನು ಕಾಣಬಾರದಲ್ಲ. ಆಮೇಲೆ ನಾನು ಎಷ್ಟು ಕೂಗಿದರೂ ನಿನಗೆ ಕೇಳುವುದು ಡೋಲು ಮಾತ್ರ.

ನಿನ್ನ ತಂಗಿ,
ಸೆಹಲೀಲೆ

ಮರೆತು ಬಿಟ್ಟದ್ದಲ್ಲ, ಬರೆಯಲು ಹೆದರಿ ಬಿಟ್ಟದ್ದು: ಬುಧವಾರ ನೀನು ಲಾಡ್ಜಿನಲ್ಲಿ ಕುಣಿದು ನೇರ ಇಲ್ಲಿಗೆ ಬಂದಿದ್ದೆ, ಈಟಿಯನ್ನು ಬಾಗಿಲ ಹಿಂದೆ ನೆಲದ ಮೇಲೆ ಮಲಗಿಸಿದ್ದೆ. ಊಟ ಮುಗಿಸಿ ಹರಟುವಾಗ ಲ್ವಾಜಿ ಅಂಬೆಗಾಲಿಟ್ಟು ಅತ್ತ ಹೋಗಿದ್ದ. ಹೊರಡುವಾಗ ಕತ್ತಲಾಗಿತ್ತು, ನೀನು ನೋಡದೆಯೇ ಗೋಣಿಯಲ್ಲಿ ಸುತ್ತಿಕೊಂಡು ಹೋದೆ. ನಿನ್ನೆ ಮಗುವಿನ ಚಾಪೆ ಕೊಡವಿದರೆ ರಬ್ಬರು ಉರುಳಿಬಿತ್ತು. ಬೆಳ್ಳಿಬಣ್ಣ ಅರ್ಧ ಕಿತ್ತುಹೋಗಿದೆ, ಸುತ್ತಲೂ ಪುಟ್ಟ ಹಲ್ಲುಗಳ ಗುರುತು. ಅದು ಬೀಳಲಿಲ್ಲ ಅಣ್ಣ, ನೀನೂ ಕೀಳಲಿಲ್ಲ. ಈಗ ನನ್ನ ಎಡಗೈಯಲ್ಲಿದೆ. ಹೇಳಿಬಿಡೋಣವೆಂದು ಎರಡು ಸಲ ಹಿತ್ತಲ ಬಾಗಿಲವರೆಗೆ ಹೋದೆ. ಆ ಕೈಗಳನ್ನು ನೋಡಿ, ಅವುಗಳ ಮುಂದೆ ಮಗುವಿನ ಹೆಸರೆತ್ತಲು ಬಾಯಿ ಬರಲಿಲ್ಲ. ನೀನು ಫೋನಿನಲ್ಲಿದ್ದರೆ ಹೇಳುತ್ತೇನೆ. ನಿನ್ನ ದನಿ ಇವರ ಕಿವಿಯಲ್ಲಿ, ರಬ್ಬರು ಇವರ ಅಂಗೈಯಲ್ಲಿ, ಮಗು ನನ್ನ ಬೆನ್ನ ಹಿಂದೆ. ಒಬ್ಬಳೇ ಆಗುವುದಿಲ್ಲ. ಮಸೆಯುವ ಸದ್ದು ಈಗಷ್ಟೇ ನಿಂತಿತು. ಬೆಳಗಾಗುವುದರೊಳಗೆ ಫೋನ್ ಮಾಡು ಅಣ್ಣ. ದಮ್ಮಯ್ಯ ಅಂತೀನಿ, ಫೋನ್ ಮಾಡು.