ಬಾಗಿಲಲ್ಲಿ ಹಾಲು ಹಿಡಿಯುವವಳು

ತೆತುವಾನ್
14 ಏಪ್ರಿಲ್ 1996

ಪ್ರೀತಿಯ ಝಹೂರಕ್ಕನಿಗೆ,

ನಿನ್ನ ತಂಗಿ ಮೆನ್ನಾನಳ ಸಲಾಂ. ಭಾವನಿಗೂ ನಿನ್ನ ಗಂಡುಮಕ್ಕಳಿಗೂ ನನ್ನ ನೆನಪು ತಿಳಿಸು. ನೀನು ಟ್ಯಾಂಜಿಯರ್‌ಗೆ ವಾಪಸಾಗಿ ಇಷ್ಟು ದಿನವಾದರೂ ಒಂದು ಸಾಲು ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ. ಬೈದುಕೋ. ಮಗಳ ಮದುವೆಯ ಗಡಿಬಿಡಿ, ಬುಶ್ರಾಳ ಉದ್ದ ಕಫ್ತಾನು ಹೊಲಿಯುವವಳ ಕಾಟ ಎಂದೆಲ್ಲ ನೆಪ ಹೇಳಬಹುದು. ನಿಜವೆಂದರೆ ನಿನ್ನ ಮೇಲೆ ಸಿಟ್ಟಿತ್ತು. ಈಗ ಸುಮಾರು ಇಳಿದಿದೆ.

ನಿಶ್ಚಿತಾರ್ಥದ ಕಥೆ ನಮ್ಮ ಬೀದಿಯಿಡೀ ಹಬ್ಬಿದೆ. ಬೀಗರು ಬಂದಾಗ ಹೆಣ್ಣಿನ ತಾಯಿ ಹಾಲು, ಖರ್ಜೂರ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ನಾನು ನಿಂತಿದ್ದೆ ಕೂಡ. ಮಾಂಸ ತಳ ಹಿಡಿದ ವಾಸನೆ ಬಂತು, ತಟ್ಟೆಯನ್ನು ನಿನ್ನ ಕೈಗಿತ್ತು ಒಳಗೆ ಓಡಿದೆ. ವಾಪಸು ಬರುವಷ್ಟರಲ್ಲಿ ಅಳಿಯನಾಗುವ ನಬೀಲನ ಸೋದರತ್ತೆ ಖದ್ದೂಜ್ ನಿನ್ನನ್ನು ತಬ್ಬಿಕೊಂಡು ಬೀಗಿತ್ತಿ, ಬೀಗಿತ್ತಿ ಎಂದು ಕೊಂಡಾಡುತ್ತಿದ್ದಳು. ನನ್ನನ್ನು ಕಂಡದ್ದೇ ಬಗ್ಗಿ ಕೈಗೆ ಮುತ್ತಿಟ್ಟು, ಹಜ್ ಯಾತ್ರೆ ಆಯಿತಾ ಎಂದು ವಿಚಾರಿಸಿದಳು. ಯಾಕೆ ಹೀಗೆ ಕೇಳುತ್ತಾಳೆ ಎಂದು ನನಗೆ ತಕ್ಷಣ ಹೊಳೆಯಲೇ ಇಲ್ಲ.

ಹೊಳೆದದ್ದು ಊಟಕ್ಕೆ ಕೂತಾಗ. ದೊಡ್ಡ ಹರಿವಾಣದ ಸುತ್ತ ಎಲ್ಲರೂ ಕೂತಿದ್ದೇವೆ, ಆಕೆ ಮೂಳೆಯಿಂದ ಮೆತ್ತನೆಯ ಮಾಂಸ ಬಿಡಿಸಿ, ಎಳೆ ಎಳೆ ಮಾಡಿ ನನ್ನ ಮುಂದೆ ಗುಡ್ಡೆ ಹಾಕುತ್ತಿದ್ದಾಳೆ.

"ನಿಧಾನಕ್ಕೆ ತಿನ್ನಿ ಅಜ್ಜಿ, ಹಲ್ಲಿಗೆ ತ್ರಾಸಾಗಬಾರದು," ಅಂದಳು.

ಬಾದಾಮಿ ಚಿಪ್ಪನ್ನು ಹಲ್ಲಲ್ಲೇ ಒಡೆಯುವ ನನಗೆ! ನಿನಗಿಂತ ನಾಲ್ಕು ವರ್ಷ ಚಿಕ್ಕವಳಾದ ನನಗೆ! ಆದರೂ ತಿಂದೆ ಅಕ್ಕ. ಅವತ್ತಿನ ಅತಿ ರುಚಿಯಾದ ಮಾಂಸ ಅದೇ. ಕೊನೆಗೆ ನಮ್ಮ ಯಜಮಾನರು ಅಬ್ದೆಸ್ಲಾಮ್ ಒಳಗೆ ಬಂದು, ನನ್ನ ಕಡೆ ತಿರುಗಿ "ಬುಶ್ರಾಳಮ್ಮಾ, ಇನ್ನೊಂದಿಷ್ಟು ರೊಟ್ಟಿ ತಾ" ಅಂದಾಗ ಖದ್ದೂಜಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ತಪ್ಪಾಯಿತೆಂದು ಹೇಳಲು ಮತ್ತೆ ನನ್ನ ಕೈಗೇ ಮುತ್ತಿಟ್ಟಳು, ಪುಣ್ಯಾತ್ಗಿತ್ತಿ.

ನಮಗೆ ಇದೇನು ಹೊಸದಲ್ಲ. ಅಮ್ಮ ಇದ್ದಾಗ ಝಹೂರಳ ಹಾಗೆ ನಡಿ, ಝಹೂರಳ ಹಾಗೆ ತಲೆ ಬಾಚು ಎನ್ನುತ್ತಿದ್ದಳು. ಈಗ ಕನ್ನಡಿ ಅದನ್ನೇ ಹೇಳುತ್ತದೆ. ನೀನು ಹೋದ ಮರುದಿನ ಮದರಂಗಿಗೆ ಅದೇನೋ ಕಪ್ಪು ಪುಡಿ ಬೆರೆಸಿ ತಲೆಗೆ ಮೆತ್ತಿಕೊಂಡೆ. ಕೂದಲು ಬೆಳ್ಳಗೇ ಉಳಿಯಿತು, ಕಿವಿ ಎರಡೂ ಕಪ್ಪಾದವು. ಹಮ್ಮಾಮಿನ ಬಿಸಿನೀರಲ್ಲಿ ಮೈ ಉಜ್ಜುವವಳು ಎಷ್ಟು ಉಜ್ಜಿದರೂ ಹೋಗಲಿಲ್ಲ. ಅಬ್ದೆಸ್ಲಾಮ್ ನೋಡಿ, "ಕಿವಿಯಂತೂ ಹರೆಯಕ್ಕೆ ಬಂತು, ಉಳಿದದ್ದು ನಿಧಾನಕ್ಕೆ ಬರುತ್ತೆ ಬಿಡು," ಅಂದರು. ಎರಡು ದಿನ ಅವರಿಗೆ ಬರೀ ಮಸೂರ ಬೇಳೆ ಹಾಕಿದೆ.

ಕಳೆದ ಶುಕ್ರವಾರ ಖದ್ದೂಜ್ ಕ್ಷಮೆ ಕೇಳಲೆಂದು ಗೋಪುರದ ಹಾಗಿನ ದೊಡ್ಡ ಸಕ್ಕರೆ ಅಚ್ಚು ಹೊತ್ತು ಬಂದಿದ್ದಳು. ಹೆಂಗಸು ಒಳ್ಳೆಯವಳು. ಮದುವೆ ದಿನ ಬಾಗಿಲಲ್ಲಿ ಯಾರು ನಿಲ್ಲುತ್ತೀರಿ, ಮೊದಲೇ ಹೇಳಿಬಿಡಿ ಎಂದು ಕೇಳಿದಳು. ಪಕ್ಕದ ಮನೆಯವರೂ ಅಷ್ಟೇ: ಅಕ್ಕನನ್ನು ಆ ದಿನ ಒಳಗೇ ಕೂರಿಸು, ಅವಳ ಪಕ್ಕ ನಿಂತರೆ ಮತ್ತೆ ಅಜ್ಜಿಯಾಗುತ್ತೀ ಎನ್ನುತ್ತಾರೆ. ಸುಳ್ಳೇಕೆ, ಒಂದು ವಾರ ನಾನೂ ಹಾಗೇ ಯೋಚಿಸಿದೆ. ಆಮೇಲೆ ನೀನಿಲ್ಲದ ಮದುವೆ ಮನೆಯನ್ನು ನೆನೆಸಿಕೊಂಡು ಅಳು ಬಂತು.

ಆದ್ದರಿಂದ ಕೇಳು. ನಾಲ್ಕು ದಿನ ಮೊದಲೇ ಬಾ. ನಿನ್ನ ಹಸಿರು ಕಫ್ತಾನನ್ನೇ ತೊಟ್ಟುಕೋ, ಚೆನ್ನಾಗಿಯೇ ಕಾಣು. ಆದರೆ ಹಾಲು ನಾನೇ ಹಿಡಿಯುತ್ತೇನೆ, ಮಾಂಸ ಸೀದು ಕರಕಲಾದರೂ ಜಾಗ ಬಿಡುವುದಿಲ್ಲ. ತಲೆಗೆ ಬಣ್ಣವನ್ನೂ ಹಚ್ಚುವುದಿಲ್ಲ. ಒಲೆ ನೋಡಿಕೊಳ್ಳುವುದು ನಿನ್ನ ಪಾಲು.

ಹಿರಿಯಳು ನೀನು, ನಮ್ಮನ್ನೆಲ್ಲ ಹರಸು. ಹಿರಿಯಳು ನೀನೇ ಎಂದು ಮದುವೆಯಲ್ಲಿ ಎಲ್ಲರಿಗೂ ಸಾರಿ ಹೇಳುವವಳಿದ್ದೇನೆ. ದೇವರು ನಿನ್ನ ಮನೆಯಲ್ಲಿ ನಗುವನ್ನು ಹೀಗೇ ಇಟ್ಟಿರಲಿ.

ನಿನ್ನ ತಂಗಿ,
ಮೆನ್ನಾನ

ಮತ್ತೊಂದು ಮಾತು: ಊಟದ ನಡುವೆ, ಯಜಮಾನರು ಒಳಗೆ ಬರುವ ಮುಂಚೆ, ಬುಶ್ರಾ ಚಹಾ ತಂದಳಲ್ಲ, ಆಗ ಖದ್ದೂಜ್ ನಿನ್ನ ಮುಖವನ್ನೂ ಅವಳ ಮುಖವನ್ನೂ ನೋಡಿ, ತಾಯಿಯ ರೂಪವೇ ಮಗಳಿಗೆ ಬಂದಿದೆ ಅಂದಳು. ನೀನು ನಕ್ಕೆ. ನೀನು ಎಲ್ಲದಕ್ಕೂ ನಗುತ್ತೀ, ಅದು ಬಿಡು. ಬುಶ್ರಾ ನನ್ನನ್ನೊಮ್ಮೆ ನೋಡಿದಳು, ಆಮೇಲೆ ತಲೆ ತಗ್ಗಿಸಿ ಲೋಟಗಳಿಗೆ ಚಹಾ ಬಗ್ಗಿಸಿದಳು. ಇಷ್ಟು ದಿನವಾದರೂ ಅವಳನ್ನು ಕೇಳಲು ನನಗೆ ಧೈರ್ಯ ಬಂದಿಲ್ಲ. ಮನೆ ಬಿಟ್ಟು ಹೊರಟು ನಿಂತಿರುವ ಹುಡುಗಿ. ನಿನ್ನ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾಳಲ್ಲ, ನಿಜ ಬರಿ. ನನ್ನ ಕಡೆ ಕೈ ತೋರಿಸಿ, ನನ್ನಮ್ಮ ಇವಳು ಅನ್ನಲು ಅವಳಿಗೆ ನಾಚಿಕೆಯಾಯಿತಾ ಅಕ್ಕ?